ಸಮ್ಮೇಳನಕ್ಕೆ ಹೋಟೆಲ್ ರೂಮ್ ಹಿಡಿಯುವ ಮುನ್ನ

ಅಮೆರಿಕದಲ್ಲಿ ಕನ್ನಡಿಗರ ದೊಡ್ಡ ಸಮ್ಮೇಳನಗಳು ಹೆಚ್ಚಾಗಿ ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರಾಂತ್ಯದಲ್ಲಿ ನಡೆಯುತ್ತವೆ. ಸಭಾಂಗಣ, ಊಟ, ಕಲಾವಿದರು ಅಂತ ಸಮಿತಿಯವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹೋಟೆಲ್ ಕರಾರಿಗೆ ಮಾತ್ರ ದರ ನೋಡಿ ಸಹಿ ಹಾಕಿಬಿಡುತ್ತಾರೆ. ಅದರೊಳಗೆ ಅಟ್ರಿಷನ್ ಎಂಬ ಷರತ್ತು ಇರುತ್ತದೆ. ಒಪ್ಪಿದಷ್ಟು ರೂಮ್ ತುಂಬದಿದ್ದರೆ ಖಾಲಿ ಉಳಿದದ್ದಕ್ಕೆ ಕನ್ನಡ ಕೂಟವೇ ದುಡ್ಡು ಕಟ್ಟಬೇಕು. ಸದಸ್ಯರು ಕೈಯಿಂದ ಕೊಟ್ಟ ಹಣ ಯಾರೂ ಮಲಗದ ಹಾಸಿಗೆಗೆ ಹೋಗಬಾರದು.

ಮೊದಲು ಲೆಕ್ಕ ಹಾಕಿ

ಹೋಟೆಲಿನವರ ಲೆಕ್ಕ ನಡೆಯುವುದು ರೂಮ್-ನೈಟ್‌ನಲ್ಲಿ, ಅಂದರೆ ಒಂದು ರೂಮಿಗೆ ಒಂದು ರಾತ್ರಿ. 100 ರೂಮ್, 3 ರಾತ್ರಿ ಅಂದರೆ 300. ಕರಾರಿನಲ್ಲಿ 80 ಪರ್ಸೆಂಟ್ ಅಂತಿದ್ದರೆ 240 ತುಂಬಲೇಬೇಕು. 200 ಮಾತ್ರ ತುಂಬಿದರೆ 40 ಕಡಿಮೆ. ರಾತ್ರಿಗೆ 150 ಡಾಲರ್ ಆದರೆ 6,000 ಡಾಲರ್ ಬಿಲ್ ಬರುತ್ತದೆ.

ಎಷ್ಟು ರೂಮ್ ಹಿಡಿಯಬೇಕು? ಎಷ್ಟು ಜನ ಬರುತ್ತಾರೆ ಎಂಬುದರ ಮೇಲೆ ಇದನ್ನು ತೀರ್ಮಾನಿಸಬೇಡಿ. ನಮ್ಮವರಲ್ಲಿ ನಾಲ್ಕು ಜನರ ಸಂಸಾರ ಒಂದೇ ರೂಮಿನಲ್ಲಿ ಇರುತ್ತದೆ. ಸುತ್ತಮುತ್ತ ಊರಿನವರು ರಾತ್ರಿ ಮನೆಗೆ ಹೋಗುತ್ತಾರೆ. ಇನ್ನು ಕೆಲವರು ನೆಂಟರ ಮನೆಯಲ್ಲಿ ಇಳಿಯುತ್ತಾರೆ. ಹಿಂದಿನ ಸಮ್ಮೇಳನ ನಡೆಸಿದವರಿಂದ ಯಾವ ರಾತ್ರಿ ಎಷ್ಟು ರೂಮ್ ತುಂಬಿತ್ತು ಅಂತ ಕೇಳಿ ತನ್ನಿ. ಅದಕ್ಕಿಂತ ಸ್ವಲ್ಪ ಕಡಿಮೆಯೇ ಹಿಡಿಯಿರಿ. ಜಾಗ ಇದ್ದರೆ ಅದೇ ದರಕ್ಕೆ ಮತ್ತಷ್ಟು ರೂಮ್ ಸಿಗಬೇಕು ಎಂಬ ಒಂದು ಸಾಲು ಕರಾರಿಗೆ ಸೇರಿಸಿದರೆ ಆಯಿತು.

ಚಿಕ್ಕ ಕಾರ್ಯಕ್ರಮಕ್ಕೆ 15–20 ರೂಮ್ ಸಾಕಾದರೆ ಕರ್ಟಸಿ ಬ್ಲಾಕ್ ಕೇಳಿ, ಅಂದರೆ ಇಷ್ಟು ತುಂಬಿಸುತ್ತೇವೆ ಎಂಬ ಮಾತು ಕೊಡದೆ ಹಿಡಿದಿಡುವ ರೂಮು. ಅದಕ್ಕೆ ದಂಡವೇ ಇಲ್ಲ.

ಚೌಕಾಸಿ ಎಲ್ಲಿ ಮಾಡಬೇಕು?

ಊರಿನ ಕನ್ವೆನ್ಷನ್ ಬ್ಯೂರೋಗೆ (ಊರಿಗೆ ಸಮ್ಮೇಳನಗಳನ್ನು ಕರೆತರುವ ಸಂಸ್ಥೆ) ನಿಮ್ಮ ಬೇಡಿಕೆ ಕಳಿಸಿ. ಅವರು ದುಡ್ಡು ತೆಗೆದುಕೊಳ್ಳದೆ ಹಲವು ಹೋಟೆಲುಗಳಿಗೆ ತಲುಪಿಸುತ್ತಾರೆ. ಆಫೀಸಿನವರನ್ನೇ ನಂಬಿದ ಡೌನ್‌ಟೌನ್ ಹೋಟೆಲುಗಳು ರಜೆಯ ವಾರಾಂತ್ಯದಲ್ಲಿ ಹೆಚ್ಚಾಗಿ ಖಾಲಿ ಹೊಡೆಯುತ್ತವೆ. ಅಲ್ಲಿ ನಿಮ್ಮ ಮಾತು ನಡೆಯುತ್ತದೆ. ಸಮುದ್ರ ತೀರದ ಹೋಟೆಲಿನಲ್ಲಿ ನಡೆಯುವುದು ಕಷ್ಟ.

ಎಲ್ಲರೂ ದರಕ್ಕಾಗಿ ಜಗ್ಗುತ್ತಾರೆ. ನನ್ನ ಪ್ರಕಾರ ಐದು ಡಾಲರ್ ಜಾಸ್ತಿ ಹೋದರೂ ಪರವಾಗಿಲ್ಲ, ಷರತ್ತು ಸಡಿಲವಾಗಿರಬೇಕು. ಮೊದಲು ನೋಡಬೇಕಾದದ್ದು ಎಣಿಕೆ ಪ್ರತಿ ರಾತ್ರಿಗೋ, ಒಟ್ಟಿಗೋ ಎಂಬುದು. ಶುಕ್ರವಾರ 90, ಶನಿವಾರ 100, ಭಾನುವಾರ 50 ರೂಮ್ ತುಂಬಿತು ಅಂದುಕೊಳ್ಳಿ. ಒಟ್ಟು 240. ಒಟ್ಟು ಲೆಕ್ಕದಲ್ಲಿ ನೀವು ಪಾರು. ಪ್ರತಿ ರಾತ್ರಿಯ ಲೆಕ್ಕವಾದರೆ ಭಾನುವಾರ 80 ಬೇಕಿತ್ತು, 30 ಕಡಿಮೆ, 4,500 ಡಾಲರ್ ಕೈಬಿಟ್ಟು ಹೋಯಿತು. ಸಮಾರೋಪ ಮುಗಿಯುವ ಮೊದಲೇ ಕಾರು ಹತ್ತುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಅಲ್ವಾ? ‘ಒಟ್ಟು ರೂಮ್-ನೈಟ್ ಮೇಲೆ’ ಎಂದು ಬರೆಸದೆ ಸಹಿ ಹಾಕಬೇಡಿ. ಆಮೇಲೆ ಭಾನುವಾರಕ್ಕೆ ಮೊದಲೇ ಕಡಿಮೆ ರೂಮ್ ಹಿಡಿಯಿರಿ.

ಎರಡನೆಯದು, ಹೋಟೆಲಿನವರು ಖಾಲಿ ರೂಮನ್ನು ಬೇರೆಯವರಿಗೆ ಕೊಟ್ಟರೆ ಅದನ್ನು ನಿಮ್ಮ ಬಿಲ್ಲಿನಿಂದ ಕಳೆಯಬೇಕು. ಒಂದೇ ರೂಮಿಗೆ ಎರಡು ಕಡೆ ದುಡ್ಡು ಪಡೆಯುವುದು ನ್ಯಾಯವಲ್ಲ. ಯಾರೂ ಉಳಿಯದ ರೂಮಿಗೆ ಬಟ್ಟೆ ಒಗೆಯುವ, ಗುಡಿಸುವ ಖರ್ಚೂ ಇಲ್ಲ. ಹಾಗಾಗಿ ದಂಡ ಪೂರ್ತಿ ದರದ ಮೇಲೆ ಬೇಡ, ಅದರ 70–75 ಪರ್ಸೆಂಟ್ ಮೇಲೆ ಇರಲಿ ಅಂತ ಕೇಳಿ.

ಮೂರನೆಯದು, 120, 90, 60 ದಿನ ಮುಂಚೆ ಒಂದೊಂದು ಸಲ 10 ಪರ್ಸೆಂಟ್ ರೂಮನ್ನು ದಂಡವಿಲ್ಲದೆ ಬಿಟ್ಟುಕೊಡುವ ಅವಕಾಶ ಕೇಳಿ. ಭಾರತದಿಂದ ಬರುವ ಕಲಾವಿದರ ರೂಮಿನ ವಿಷಯದಲ್ಲಿ ಇದು ತುಂಬ ಮುಖ್ಯ. ತಂಡದಲ್ಲಿ ನಾಲ್ಕು ಜನರಿಗೆ ವೀಸಾ ಸಿಗಲಿಲ್ಲ ಅಂದರೆ ಅವರ ರೂಮ್ ಕೂಟದ ತಲೆಗೆ ಬರುತ್ತದೆ.

50 ರೂಮಿಗೆ ಒಂದು ಉಚಿತ ಎಂಬ ರಿಯಾಯಿತಿ ಕೇಳಿದರೆ ಸಿಗುವುದುಂಟು. ಸಹಿಯನ್ನು ಕೂಟದ ಹೆಸರಿನಲ್ಲಿ, ನಿಮ್ಮ ಹುದ್ದೆ ಬರೆದೇ ಹಾಕಿ. ಸುಮ್ನೆ ಹೆಸರು ಬರೆದರೆ ಸಾಲ ನಿಮ್ಮ ಮನೆ ಬಾಗಿಲಿಗೆ ಬರಬಹುದು.

ಸಹಿ ಆದ ಮೇಲೆ

ಕರಾರಿನಲ್ಲಿ ಕಟ್-ಆಫ್ ದಿನ ಇರುತ್ತದೆ, ಹೆಚ್ಚಾಗಿ 30 ದಿನ ಮೊದಲು. ಆ ದಿನ ದಾಟಿದರೆ ಉಳಿದ ರೂಮ್ ಹೋಟೆಲಿಗೆ ವಾಪಸ್. ದಂಡ ಮಾತ್ರ ನಿಮ್ಮ ಮೇಲೇ ಇರುತ್ತದೆ. ನಮ್ಮವರು ಬುಕ್ ಮಾಡುವುದು ಕೊನೆ ಗಳಿಗೆಯಲ್ಲಿ. ಅದಕ್ಕೇ ನೋಂದಣಿ ಮಾಡಿದ ಕೂಡಲೇ ಹೋಟೆಲ್ ಲಿಂಕ್ ಕೈಗೆ ಸಿಗುವ ಹಾಗೆ ಮಾಡಿ. ವಾರಕ್ಕೊಮ್ಮೆ ಎಷ್ಟು ತುಂಬಿದೆ ಎಂಬ ಪಟ್ಟಿ ತರಿಸಿಕೊಳ್ಳಿ.

ಇನ್ನೊಂದು ಸೋರಿಕೆ ಇದೆ. ಎಕ್ಸ್‌ಪೀಡಿಯಾದಲ್ಲಿ ಹತ್ತು ಡಾಲರ್ ಕಡಿಮೆ ಕಂಡರೆ ಜನ ಅಲ್ಲೇ ಬುಕ್ ಮಾಡುತ್ತಾರೆ. ಅವರು ಅದೇ ಹೋಟೆಲಿನಲ್ಲಿ ಮಲಗಿದರೂ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಆ ದಿನಗಳಲ್ಲಿ ನಿಮ್ಮ ದರಕ್ಕಿಂತ ಕಡಿಮೆಗೆ ಹೊರಗೆ ಮಾರಬಾರದು ಎಂದು ಕರಾರಿನಲ್ಲೇ ಬರೆಸಿ. ನಿಮ್ಮ ನೋಂದಣಿ ಪಟ್ಟಿಯನ್ನು ಹೋಟೆಲಿನ ಅತಿಥಿಗಳ ಪಟ್ಟಿಯ ಜೊತೆ ತಾಳೆ ನೋಡುವ ಹಕ್ಕನ್ನೂ ಸೇರಿಸಿ. ಸಮ್ಮೇಳನ ಮುಗಿದು ಬಿಲ್ ಬಂದಾಗ ಹೋಟೆಲಿನವರ ಎದುರು ಕೂತು ಹೆಸರು ಹೆಸರಾಗಿ ಈ ತಾಳೆ ನೋಡಿ. ಹೊರಗಿನಿಂದ ಬುಕ್ ಮಾಡಿದವರೆಲ್ಲ ನಿಮ್ಮ ಲೆಕ್ಕಕ್ಕೆ ಬಂದ ಮೇಲೆ ಚೆಕ್ ಬರೆಯಿರಿ.