ಯಾಜಕಕಾಂಡವನ್ನು ಹಿಟ್ಟಿನಿಂದ ಶುರುಮಾಡಿ

ಬೈಬಲನ್ನು ಮೊದಲಿನಿಂದ ಓದಲು ಹೊರಟವರು ಎಡವುವುದು ಅದರ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲಿ, ಬಲಿ-ಅರ್ಪಣೆಗಳ ನಿಯಮಗಳಿರುವ ಕಡೆ. ನಾನೂ ಎರಡು ಸಲ ಅಲ್ಲೇ ನಿಲ್ಲಿಸಿದ್ದೆ. ಮೊದಲ ಅಧ್ಯಾಯದಲ್ಲೇ ಹೋರಿ, ರಕ್ತ, ಕೊಬ್ಬು. ಮೂರನೇ ಸಲ ಎರಡನೇ ಅಧ್ಯಾಯದಿಂದ ಶುರುಮಾಡಿದೆ. ಅಲ್ಲಿರುವುದು ಗೋದಿಹಿಟ್ಟು, ಎಣ್ಣೆ, ಧೂಪ, ಉಪ್ಪು. ದಿನಾ ಚಪಾತಿ ಹಿಟ್ಟು ಕಲಸುವವಳಿಗೆ ಅದು ಗೊತ್ತಿರುವ ಲೋಕ.

ಓದುವ ಮೊದಲು ಒಂದು ಪದ ಗೊತ್ತಿರಲಿ. ಈ ಅರ್ಪಣೆಗಳಿಗೆಲ್ಲ ಹೀಬ್ರೂವಿನಲ್ಲಿ ‘ಕೊರ್ಬಾನ್’ ಅನ್ನುತ್ತಾರೆ. ಅದರ ಧಾತುವಿಗೆ ‘ಹತ್ತಿರ ಬರು’ ಎಂದು ಅರ್ಥ. ‘ಬಲಿ’ ಅಂದರೆ ನಮಗೆ ಕೊಲ್ಲುವುದೇ ಕಣ್ಣಮುಂದೆ ಬರುತ್ತದೆ, ಅಲ್ವಾ? ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಹತ್ತಿರ’ ಎಂದು ಬರೆದಿಟ್ಟುಕೊಳ್ಳಿ.

ಈಗ ಬಟ್ಟಲಲ್ಲಿ ಹಿಟ್ಟು ತಗೊಳ್ಳಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ತಗೊಳ್ಳಿ. ಯಾಜಕ, ಅಂದರೆ ದೇವಾಲಯದ ಪುರೋಹಿತ, ಮಾಡುತ್ತಿದ್ದಂತೆ ನಡುವಿನ ಮೂರು ಬೆರಳನ್ನು ಅಂಗೈಗೆ ಮಡಚಿ ಒಂದು ಹಿಡಿ ತೆಗೆಯಿರಿ. ಮೇಲೆ ಹೊರಚಾಚಿದ್ದನ್ನು ಹೆಬ್ಬೆರಳಿನಿಂದ, ಕೆಳಗಿನದನ್ನು ಕಿರುಬೆರಳಿನಿಂದ ಸವರಿ ಬೀಳಿಸಿ. ದೇವಾಲಯದ ತುಂಬ ಕಷ್ಟದ ಕೆಲಸಗಳಲ್ಲಿ ಇದೂ ಒಂದು ಎನ್ನುತ್ತದೆ ಯೆಹೂದ್ಯರ ಹಳೆಯ ಧರ್ಮಗ್ರಂಥ ತಾಲ್ಮುದ್. ನಾನು ಮಾಡಿದಾಗ ಅರ್ಧ ಹಿಟ್ಟು ನೆಲದ ಮೇಲಿತ್ತು. ಯಾಜಕ ಆ ಒಂದು ಹಿಡಿಯನ್ನು ಮಾತ್ರ ಬೆಂಕಿಗೆ ಹಾಕುತ್ತಿದ್ದ. ಉಳಿದದ್ದು ಯಾಜಕರ ಊಟಕ್ಕೆ. ಹುಳಿಹಿಟ್ಟು, ಜೇನು ಸುಡುವಂತಿರಲಿಲ್ಲ. ಉಪ್ಪು ಮಾತ್ರ ಬಿಡುವಂತೆಯೇ ಇರಲಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಬಲಿಪೀಠವೇ ಇಲ್ಲ. ಆದರೂ ಯೆಹೂದ್ಯರ ಮನೆಗಳಲ್ಲಿ ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನ ರೊಟ್ಟಿಯನ್ನು ಉಪ್ಪಿಗೆ ಅದ್ದಿ ತಿನ್ನುವ ರೂಢಿ ಉಳಿದಿದೆ.

ಮುಂದೆ ಐದನೇ ಅಧ್ಯಾಯಕ್ಕೆ ಹೋಗಿ. ಕೆಲವು ತಪ್ಪುಗಳಿಗೆ ಕುರಿ ಅಥವಾ ಆಡು ತರಬೇಕು. ಅಷ್ಟು ಗತಿ ಇಲ್ಲದವರು ಎರಡು ಬೆಳವಕ್ಕಿ ಅಥವಾ ಪಾರಿವಾಳದ ಮರಿ ತರಬಹುದು. ಅದೂ ಆಗದಿದ್ದರೆ ಏಫಾ ಎಂಬ ಹಳೆಯ ಅಳತೆಯ ಹತ್ತನೇ ಒಂದು ಭಾಗ ಹಿಟ್ಟು ಸಾಕು, ಅಂದರೆ ಸುಮಾರು ಎರಡು ಲೀಟರ್ ಅಳತೆ.

ಆರನೇ ಅಧ್ಯಾಯದ ಮೊದಲ ಏಳು ವಚನಗಳನ್ನು ನಿಧಾನವಾಗಿ ಓದಿ. ಮೋಸದಿಂದ ಪಡೆದದ್ದಕ್ಕೆ ಐದನೇ ಒಂದು ಭಾಗ ಸೇರಿಸಿ ಅದರ ಒಡೆಯನಿಗೆ ವಾಪಸ್ ಕೊಡಬೇಕು. ಆ ತಪ್ಪಿಗಾಗಿ ಟಗರನ್ನು ಅರ್ಪಿಸುವ ಮಾತು ಆಮೇಲೆ. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಹಿಡಿಸಿದ ಸಾಲುಗಳು ಇವು.

ಏಳನೇ ಅಧ್ಯಾಯದಲ್ಲಿ ಕೃತಜ್ಞತೆಯ ಸಮಾಧಾನಯಜ್ಞ ಇದೆ, ಅಂದರೆ ದೇವರಿಗೆ ಕೃತಜ್ಞತೆ ಹೇಳಲು ಕೊಡುವ ಬಲಿ. ಅದರ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು. ಒಂದು ಪೂರ್ತಿ ಪ್ರಾಣಿಯನ್ನು ಒಬ್ಬನೇ ತಿನ್ನಲಾಗುತ್ತದೆಯೇ? ನಾಲ್ಕು ಜನರನ್ನು ಕರೆಯಲೇಬೇಕು.

ಇಷ್ಟಾದ ಮೇಲೆ ಮೊದಲನೇ ಅಧ್ಯಾಯಕ್ಕೆ ಹಿಂತಿರುಗಿ, 17ನೇ ವಚನ ತೆರೆಯಿರಿ. ಹಕ್ಕಿಯನ್ನು ರೆಕ್ಕೆ ಸಮೇತ ಸುಡಬೇಕು ಎಂದಿದೆ. ಸುಟ್ಟ ಪುಕ್ಕದ ನಾತ ಯಾರಿಗೂ ಸಹಿಸಲಾಗುವುದಿಲ್ಲ, ಮತ್ತೆ ಅದನ್ನು ಯಾಕೆ ಕೀಳುವುದಿಲ್ಲ? 11ನೇ ಶತಮಾನದ ಫ್ರಾನ್ಸಿನ ‘ರಾಶಿ’ ಎಂಬ ಯೆಹೂದಿ ವ್ಯಾಖ್ಯಾನಕಾರರು ಹಳೆಯ ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಮಾತು ಹಿಡಿದು ಉತ್ತರ ಕೊಡುತ್ತಾರೆ: ಬಡವ ತಂದ ಹಕ್ಕಿಯಿಂದಲೂ ಬಲಿಪೀಠ ತುಂಬಿದಂತೆ ಕಾಣಲಿ ಎಂದು.