ಟೈಲರ್ ಟೇಪಿನಲ್ಲಿ ಅಳೆದ ಬೆಲ್ಟ್

ಬೇಲೂರಿನ ಹತ್ತಿರ ನಮ್ಮದೊಂದು ನರ್ಸರಿ ಇದೆ. ಮುಂಗಾರು ಹಿಡಿಯುತ್ತಿದ್ದಂತೆ ಕಾಫಿ, ಮೆಣಸು, ಸಿಲ್ವರ್ ಓಕ್ ಸಸಿಗಳನ್ನು ಮೂಡಿಗೆರೆ, ಸಕಲೇಶಪುರದ ತೋಟಗಳಿಗೆ ಮುಟ್ಟಿಸುವುದು ನಮ್ಮ 2006ರ ಡೀಸೆಲ್ ವ್ಯಾನಿನ ಕೆಲಸ. ಹೋದ ವರ್ಷ ಮೇ ತಿಂಗಳಲ್ಲಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಬಾನೆಟ್ಟಿನೊಳಗಿಂದ ಕೀರಲು ಸದ್ದು ಬರತೊಡಗಿತು. ವಾರ ಕಳೆಯುವಷ್ಟರಲ್ಲಿ ಅದರ ಜೊತೆಗೆ ಇನ್ನೊಂದು ಸದ್ದು ಸೇರಿತು, ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ.

ನಮ್ಮ ವ್ಯಾನಿನಲ್ಲಿ ಎರಡು ಬೆಲ್ಟುಗಳಿವೆ. ಒಳಗಿನದು ವಾಟರ್ ಪಂಪ್ ಮತ್ತು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಹೊರಗಿನದು ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಮತ್ತು ಪವರ್ ಸ್ಟೀರಿಂಗ್ ಪಂಪನ್ನು. ಸಸಿಗಳಿಗೆ ಔಷಧಿ ಹೊಡೆಯುವ ಕೈ ಪಂಪಿನಿಂದ, ಎಂಜಿನ್ ಓಡುತ್ತಿರುವಾಗಲೇ, ದೂರದಲ್ಲಿ ನಿಂತು ಹೊರಗಿನ ಬೆಲ್ಟಿನ ಒಳಮೈಯ ಉದ್ದ ಗೆರೆಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿದೆ. ಕೀರಲು ಇನ್ನೂ ಜೋರಾಯಿತು. ಬೆಲ್ಟ್ ಸಡಿಲವಾಗಿ ಜಾರುತ್ತಿದೆ ಎಂದರ್ಥ. ನೀರು ಬಿದ್ದೊಡನೆ ಸದ್ದು ತಗ್ಗಿ ಮತ್ತೆ ಮೇಲೆದ್ದಿದ್ದರೆ ಬೆಲ್ಟ್ ಓಡುವ ಗಾಲಿಗಳು, ಅಂದರೆ ಪುಲ್ಲಿಗಳು, ಒಂದೇ ಸಾಲಿನಲ್ಲಿಲ್ಲ ಎಂದು ಅನುಮಾನಿಸಬೇಕಿತ್ತು.

ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಎರಡೂ ಬೆಲ್ಟುಗಳನ್ನು ಬಿಚ್ಚಿದೆ. ಹೊರಗಿನದನ್ನು ತೆಗೆಯದೆ ಒಳಗಿನದು ಈಚೆಗೆ ಬರುವುದಿಲ್ಲ. ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಿದೆ. ಉಳಿದವು ನುಣ್ಣಗೆ ತಿರುಗಿದವು. ಕಂಪ್ರೆಸರ್ ಪುಲ್ಲಿ ಮಾತ್ರ ಬೆರಳಿಗೆ ಗರಗರ ಎಂದಿತು, ಅಲುಗಾಡಿಸಿದರೆ ಹಿಂದೆ ಮುಂದೆ ತೂಗಿತು. ನಾವು ಎಸಿಯನ್ನು ಹಾಕುತ್ತಿದ್ದುದು ತೀರಾ ಕಡಿಮೆ, ಆದರೂ ಸವೆದಿದೆ! ಎಸಿ ಆರಿಸಿದಾಗ ಬಿಡುಗಡೆಯಾಗುವುದು ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸುವ ಒಳಗಿನ ಕ್ಲಚ್ ಅಷ್ಟೇ. ಎಂಜಿನ್ ಓಡುವಷ್ಟು ಹೊತ್ತೂ ಹೊರಗಿನ ಪುಲ್ಲಿ ತನ್ನ ಬೇರಿಂಗಿನ ಮೇಲೆ ತಿರುಗುತ್ತಲೇ ಇರುತ್ತದೆ. ಅದು ಹಿಡಿದು ನಿಂತರೆ ಬೆಲ್ಟ್ ಹರಿಯುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ತಿರುವಿನ ಮಧ್ಯದಲ್ಲಿ, ತುಂಬಿದ ವ್ಯಾನಿನಲ್ಲಿ, ಅದು ಆಗಬಾರದು.

ಬೇರಿಂಗ್ ಒಂದೇ ಹೋಗಿದ್ದರೆ ಅದನ್ನೇ ಬದಲಿಸುತ್ತಿದ್ದೆ. ಆದರೆ ಕಂಪ್ರೆಸರಿನ ಮುಂಭಾಗದ ಸೀಲಿನಿಂದ ಎಣ್ಣೆಯೂ ಜಿನುಗುತ್ತಿತ್ತು. ಇಷ್ಟು ಹಳೆಯ ಗಾಡಿಗೆ ಹೊಸ ಕಂಪ್ರೆಸರ್ ಹಾಕುವ ಮನಸ್ಸಾಗಲಿಲ್ಲ. ಹಾಗಾಗಿ ಅದನ್ನು ಇದ್ದಲ್ಲೇ ಬಿಟ್ಟು, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನಿಂದ, ಬೆಲ್ಟ್ ಬಿಗಿಯುವ ಟೆನ್ಷನರ್ ಮೂಲಕ, ನೇರವಾಗಿ ಸ್ಟೀರಿಂಗ್ ಪಂಪಿಗೆ ಚಿಕ್ಕ ಬೆಲ್ಟ್ ಹಾಕಲು ನಿರ್ಧರಿಸಿದೆ. ಗ್ಯಾಸಿನ ಪೈಪುಗಳನ್ನು ಮುಟ್ಟಲಿಲ್ಲ. ಒಳಗಿರುವ ಎಸಿ ಗ್ಯಾಸ್ ಆರ್-134ಎ ಒತ್ತಡದಲ್ಲಿರುತ್ತದೆ, ಚರ್ಮಕ್ಕೆ ತಗುಲಿದರೆ ಮರಗಟ್ಟಿಸುತ್ತದೆ. ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಕ್ಲಚ್ಚಿಗೆ ಹೋಗುವ ತಂತಿಯನ್ನು ಕಳಚಿ, ತುದಿಗೆ ಟೇಪ್ ಸುತ್ತಿ, ಪುಲ್ಲಿಗಳಿಂದ ದೂರ ಕಟ್ಟಿದೆ. ಎಸಿ ಫ್ಯೂಸನ್ನೂ ತೆಗೆದೆ.

ಅಳತೆಯಲ್ಲಿ ಎಡವಿದೆ. ಮೆಣಸಿನ ಬಳ್ಳಿ ಕಟ್ಟುವ ಸೆಣಬಿನ ದಾರವನ್ನೇ ಹೊಸ ದಾರಿಯಲ್ಲಿ ಸುತ್ತಿ, ಗುರುತು ಹಾಕಿ, ಆ ಲೆಕ್ಕದಲ್ಲಿ 1,020 ಮಿಲಿಮೀಟರಿನ ಬೆಲ್ಟ್ ತಂದೆ. ಟೆನ್ಷನರನ್ನು ಹೆಚ್ಚುಕಡಿಮೆ ಕೊನೆಯವರೆಗೆ ಬಿಗಿದ ಮೇಲಷ್ಟೇ ಅದು ನಿಂತಿತು. ಎರಡೇ ದಿನದಲ್ಲಿ ಬೆಲ್ಟ್ ತುಸು ಸಡಿಲವಾಗಿ ಮತ್ತೆ ಕೀರಿತು, ಬಿಗಿಯಲು ಜಾಗವೇ ಇರಲಿಲ್ಲ. ಅಂಥ ದಾರ ಎಳೆದರೆ ತುಸು ಜಗ್ಗುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಬಟ್ಟೆ ಹೊಲಿಯುವ ಅತ್ತಿಗೆ ತಮ್ಮ ಟೇಪ್ ತಂದುಕೊಟ್ಟು, "ಇದರಲ್ಲಿ ಅಳೆದು ನೋಡು, ಎಳೆದರೂ ಜಗ್ಗುವುದಿಲ್ಲ" ಎಂದರು. ಟೆನ್ಷನರ್ ಪೂರ್ತಿ ಸಡಿಲವಿದ್ದಾಗ 985, ಪೂರ್ತಿ ಬಿಗಿದಾಗ 1,030 ಬಂತು. ಬೇಕಾದದ್ದು ಸಡಿಲದ ಕಡೆಗೆ ಹತ್ತಿರವಿರುವ ಅಳತೆ; ಮುಂದೆ ಬಿಗಿಯಲು ಜಾಗ ಉಳಿಯುತ್ತದೆ.

ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ "ಗಾಡಿ ಯಾವುದು ಸಾರ್?" ಎಂದು ಕೇಳಿದರು. ಗಾಡಿಯ ಹೆಸರು ಹೇಳಿದರೆ ಹಳೆಯ ಉದ್ದದ್ದೇ ಕೈಗೆ ಬರುತ್ತದೆ. "6ಪಿಕೆ1000 ಕೊಡಿ" ಎಂದೆ: ಆರು ಗೆರೆ, 1,000 ಮಿಲಿಮೀಟರ್ ಉದ್ದ. ಒಳಗಿನದಕ್ಕೆ ಹಳೆಯ ಬೆಲ್ಟಿನ ಬೆನ್ನ ಮೇಲಿದ್ದ ಸಂಖ್ಯೆಯನ್ನೇ ಹೇಳಿ ಹೊಸದನ್ನು ತಂದೆ.

ಹಾಕುವ ಮೊದಲು ಪುಲ್ಲಿಯ ತೋಡುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮಣ್ಣು, ಎಣ್ಣೆ ತೆಗೆದೆ. ಆರೂ ಗೆರೆಗಳು ಆರೂ ತೋಡುಗಳಲ್ಲಿ ಕೂತಿವೆಯೇ ಎಂದು ಬೆರಳಿನಿಂದಲೇ ಸವರಿ ನೋಡಬೇಕು; ಒಂದು ಗೆರೆ ಅಂಚಿನಿಂದ ಆಚೆಗೆ ಉಳಿದರೂ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಪಂಪು ಮೊದಲಿನ ದಿಕ್ಕಿನಲ್ಲೇ ತಿರುಗುತ್ತದೆ, ಬೆಲ್ಟ್ ಎಲ್ಲಿಯೂ ಏನಕ್ಕೂ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಬ್ಯಾಟರಿ ಜೋಡಿಸಿದೆ. ಸದ್ದಿಲ್ಲ. ಸುಮಾರು 150 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿದೆ.

ಇದಕ್ಕೆ ತೆತ್ತ ಬೆಲೆ ಜೂನಿನಲ್ಲಿ ಗೊತ್ತಾಯಿತು. ಎಸಿ ತಂಪು ಮಾಡುವುದಷ್ಟೇ ಅಲ್ಲ, ಗಾಳಿಯ ತೇವವನ್ನೂ ಹೀರುತ್ತದೆ. ಕೊಟ್ಟಿಗೆಹಾರದ ಮಳೆಯಲ್ಲಿ, ನೆನೆದ ಸಸಿಗಳು ಹಿಂದೆ ತುಂಬಿರುವಾಗ, ಮುಂದಿನ ಗಾಜು ನಿಮಿಷದಲ್ಲಿ ಬೆಳ್ಳಗಾಯಿತು. ಹೀಟರ್ ಹಾಕಿ, ಹೊರಗಿನ ಗಾಳಿ ಬರುವಂತೆ ತಿರುಗಿಸಿ, ಎರಡೂ ಕಿಟಕಿಗಳನ್ನು ಒಂದು ಬೆರಳಿನಷ್ಟು ಇಳಿಸಿದರೆ ತಿಳಿಯಾಗುತ್ತದೆ, ಆದರೆ ನಿಧಾನ. ಮಳೆಗಾಲದ ರಾತ್ರಿ ಘಾಟಿಯಲ್ಲಿ ಓಡಿಸುವವರು ಎಸಿಯನ್ನು ಹೀಗೆ ಬಿಡಬಾರದು, ರಿಪೇರಿ ಮಾಡಿಸಬೇಕು. ನಾವು ಈಗ ಸಂಜೆ ಐದರೊಳಗೆ ವಾಪಸಾಗುತ್ತೇವೆ.

ಬಾನೆಟ್ಟಿನ ಒಳಮೈಯಲ್ಲಿ ಬಿಳಿ ಬಣ್ಣದಿಂದ "ಎಸಿ ಇಲ್ಲ, ಹೊರಗಿನ ಬೆಲ್ಟ್ 6ಪಿಕೆ1000" ಎಂದು ಬರೆದಿದ್ದೇನೆ.