ಬದನೆ ಕುಡಿ ಬಾಗಿದರೆ ನಾನು ಏನು ಮಾಡುತ್ತೇನೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ 12 ಅಡಿ ಅಗಲ, 20 ಅಡಿ ಉದ್ದದ ಜಾಗವಿದೆ. ಬದನೆ, ಅಲಸಂದೆ, ಹೀರೆ, ಒಂದು ಪರಂಗಿ ಗಿಡ, ಕಾಂಪೌಂಡಿನ ಉದ್ದಕ್ಕೂ ದಾಸವಾಳ. ಅಷ್ಟೇ.

ಮೊದಲ ವರ್ಷ ಈರನಗೆರೆ ಬದನೆ ಹಾಕಿದ್ದೆ. ಮೈಸೂರಿನದೇ ತಳಿ ಅಲ್ವಾ, ವಾಂಗೀಬಾತಿಗೆ ಮನೆಯ ಕಾಯೇ ಆಗಲಿ ಅಂತ ಆಸೆ. ಹೆಚ್ಚಲು ಕೂತರೆ ಹತ್ತು ಕಾಯಲ್ಲಿ ಏಳರೊಳಗೆ ಹುಳ. ಅಂಗಡಿಯಿಂದ ಒಂದು ಬಾಟಲಿ ಔಷಧಿ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆದೆ. ಮರುದಿನ ಗಿಡದ ಬುಡದಲ್ಲಿ ಜೇನುನೊಣ ಸತ್ತು ಬಿದ್ದಿದ್ದವು. ಕಾಯೊಳಗಿನ ಹುಳ ಹಾಗೇ ಇತ್ತು. ನನ್ನ ಮಗಳು ಆ ಗಿಡಗಳ ಪಕ್ಕದಲ್ಲೇ ಕೂತು ಮಣ್ಣಲ್ಲಿ ಆಡುತ್ತಾಳೆ. ಆ ಬಾಟಲಿಯನ್ನು ಮತ್ತೆ ಮುಟ್ಟಲಿಲ್ಲ.

ದಾರಿ ತೋರಿಸಿದವರು ನಮ್ಮ ಅತ್ತೆ. ಮದ್ದೂರಿನ ಹತ್ತಿರದ ಹಳ್ಳಿಯವರು. ಬಂದವರೇ ಬದನೆ ಗಿಡ ನೋಡಿ, "ಸೊರಗಿರೋ ಕುಡಿನ ಮೊದಲು ಚಿವುಟಿ ಬಿಸಾಕವ್ವ. ಹುಳ ಒಳಗೇ ಕೂತದೆ. ಮೇಲೆ ಔಸ್ದಿ ಹೊಡೆದ್ರೆ ಅದುಕ್ಕೆ ಹೆಂಗೆ ತಾಗ್ತದೆ?" ಅಂದರು. ಒಂದು ಕುಡಿಯನ್ನು ಸೀಳಿ ತೋರಿಸಿದರು. ನಸುಗೆಂಪು ಬಣ್ಣದ ಹುಳ ಒಳಗೆ ಹೊರಳುತ್ತಿತ್ತು.

ಅದು ಕುಡಿ ಮತ್ತು ಕಾಯಿ ಕೊರಕ. ಚಿಟ್ಟೆ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಗೆ ಬಂದು ಸ್ವಲ್ಪ ಹೊತ್ತಿನಲ್ಲೇ ಕುಡಿಯನ್ನೋ ಕಾಯನ್ನೋ ಕೊರೆದು ಒಳಗೆ ಸೇರಿಬಿಡುತ್ತದೆ. ಆಮೇಲೆ ಏನು ಹೊಡೆದರೂ ಅದಕ್ಕೆ ಮುಟ್ಟುವುದು ಕಷ್ಟ. ಹಾಗಾಗಿ ಈಗ ವಾರಕ್ಕೆ ಎರಡು ಸಲ, ಬಿಸಿಲೇರುವ ಮುಂಚೆ, ಗಿಡ ಗಿಡವನ್ನೂ ನೋಡುತ್ತೇನೆ. ತುದಿ ಬಾಗಿದ ಕುಡಿ ಕಂಡರೆ ಎರಡು ಮೂರು ಇಂಚು ಕೆಳಗೆ, ಒಳಗಿನ ತೂತು ಮುಗಿಯುವ ಜಾಗದವರೆಗೆ ಕತ್ತರಿಸುತ್ತೇನೆ. ತೂತು ಬಿದ್ದ ಕಾಯಿಯನ್ನೂ ಬಿಡುವುದಿಲ್ಲ. ಎಲ್ಲವೂ ಸೋಪಿನ ನೀರಿನ ಬಕೆಟ್‌ಗೆ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಹುಳ ಅಲ್ಲೇ ಬೆಳೆದು, ಚಿಟ್ಟೆಯಾಗಿ ವಾಪಸ್ ಬರುತ್ತದೆ. ಬುಡದಲ್ಲಿ ಉದುರಿದ ಎಲೆಯಲ್ಲೂ ಅದು ಗೂಡು ಕಟ್ಟುತ್ತದೆ, ಅದನ್ನೂ ಗುಡಿಸುತ್ತೇನೆ. ಜೊತೆಗೆ ಒಂದು ಮೋಹಕ ಬಲೆ, ಅಂದರೆ ಹೆಣ್ಣು ಚಿಟ್ಟೆಯ ವಾಸನೆ ಇಟ್ಟ ಬಲೆ, ಕಟ್ಟಿದ್ದೇನೆ. ಅದಕ್ಕೆ ಗಂಡು ಚಿಟ್ಟೆ ಬೀಳುತ್ತವೆ. ಎರಡನೇ ವರ್ಷ ಹತ್ತರಲ್ಲಿ ಎರಡು ಕಾಯಿ ಹೋದವು. ನನಗೆ ಅಷ್ಟು ಸಾಕು.

ಬೇವಿನ ಕಷಾಯವನ್ನು ಅಲಸಂದೆಯ ಹೇನಿಗೆ, ಬಿಳಿ ನೊಣಕ್ಕೆ ಇಟ್ಟುಕೊಂಡಿದ್ದೇನೆ. ಬೇಸಿಗೆ ಮುಗಿಯುವ ಹೊತ್ತಿಗೆ ಬೇವಿನ ಹಣ್ಣು ಉದುರುತ್ತವೆ. ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಡುತ್ತೇನೆ. ಬೇಕಾದಾಗ ಸಿಪ್ಪೆ ತೆಗೆದು, ಲೀಟರ್ ನೀರಿಗೆ 50 ಗ್ರಾಂ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಹಿಂಡಿ, ಸೋಸಿ, ಎಲೆಗೆ ಅಂಟಲಿ ಅಂತ ಸ್ವಲ್ಪ ಅಂಟುವಾಳದ ನೀರು ಸೇರಿಸುತ್ತೇನೆ. ಹೊಡೆಯುವುದು ಅದೇ ದಿನ ಸಂಜೆ. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ, ಜೇನುನೊಣವೂ ಸಂಜೆ ಗೂಡಿಗೆ ಹೋಗಿರುತ್ತದೆ. ಎಲೆಯ ಹಿಂಭಾಗಕ್ಕೇ ಹೊಡೆಯಬೇಕು, ಹೇನು ಇರುವುದೇ ಅಲ್ಲಿ. ಮೊದಲ ಸಲ ಮರುದಿನ ನೋಡಿ ಏನೂ ಆಗಲಿಲ್ಲ ಅಂತ ಬೇಜಾರಾಗಿತ್ತು. ಬೇವು ತಕ್ಷಣ ಕೊಲ್ಲುವುದಿಲ್ಲ. ಹುಳ ತಿನ್ನುವುದು ಕಡಿಮೆಯಾಗುತ್ತದೆ, ಪೊರೆ ಬಿಟ್ಟು ಬೆಳೆಯಲು ಆಗುವುದಿಲ್ಲ. ನಾಲ್ಕೈದು ದಿನ ಕಾಯಬೇಕು.

ಹುಣಸೂರಿನ ಕಡೆಯ ನೆಂಟರು ಹೊಗೆಸೊಪ್ಪಿನ ಕಷಾಯ ಹೊಡಿ, ಒಂದೇ ಏಟಿಗೆ ಹೋಗುತ್ತೆ ಅಂದರು. ಅವರ ಊರಲ್ಲಿ ಹೊಗೆಸೊಪ್ಪಿಗೆ ಬರವಿಲ್ಲ. ನಾನು ಒಪ್ಪಲಿಲ್ಲ. ಗಿಡದಿಂದ ಬಂದದ್ದೆಲ್ಲ ಸಾಧು ಅಂತ ತಿಳಿಯಬಾರದು. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ, ಜೇನನ್ನೂ ಕೊಲ್ಲುತ್ತದೆ. ಟೊಮೇಟೊಗೆ ವೈರಸ್‌ನ ನಂಜು ರೋಗವೂ ಅದರಿಂದ ದಾಟಬಹುದು.

ನನಗೆ ಇವತ್ತಿಗೂ ನೋವಾಗುವ ಒಂದು ತಪ್ಪಿದೆ. ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು, ಬಿಳಿ ಹಿಟ್ಟು ಮೆತ್ತಿದ ಹಾಗೆ ಕಾಣುವ, ರಸ ಹೀರುವ ಕೀಟ. ಅದರ ನಡುವೆ ಉದ್ದ ಬಿಳಿ ಎಳೆಗಳ ಸ್ವಲ್ಪ ದೊಡ್ಡ ಹುಳಗಳೂ ಇದ್ದವು. ಇವು ತಿಗಣೆಯಲ್ಲೇ ದೊಡ್ಡವು ಅಂದುಕೊಂಡು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಉಜ್ಜಿ ತೆಗೆದೆ. ಕೃಷಿ ಓದುವ ಪಕ್ಕದ ಮನೆ ಹುಡುಗ ನೋಡಿ, "ಆಂಟಿ, ಅದು ತಿಗಣೆ ತಿನ್ನೋ ಗುಲಗಂಜಿ ಹುಳದ ಮರಿ" ಅಂದ. ತಿಗಣೆ ಕೂತಲ್ಲೇ ಕೂತಿರುತ್ತದೆ, ಈ ಮರಿ ಚುರುಕಾಗಿ ಓಡಾಡುತ್ತದೆ. ಆ ವ್ಯತ್ಯಾಸವನ್ನು ಅವನೇ ಹೇಳಿಕೊಟ್ಟ. ಆಸ್ಟ್ರೇಲಿಯಾದ ಈ ಹುಳವನ್ನು 1898ರಲ್ಲೇ ನಮ್ಮ ದೇಶಕ್ಕೆ ತಂದರಂತೆ, ಕಾಫಿ ಗಿಡದ ಕೀಟಕ್ಕೆ ಅಂತ.

ಪರಂಗಿಯ ಹಿಟ್ಟು ತಿಗಣೆಯ ಕಥೆಯೂ ಹೀಗೇ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಹಿಪ್ಪುನೇರಳೆಗೂ ಹಬ್ಬಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ ಬಿಟ್ಟ ಒಂದು ಪುಟ್ಟ ಕಣಜದ ಹುಳ ಅದನ್ನು ಹಿಡಿತಕ್ಕೆ ತಂದಿತು.

ಈಗ ದಾಸವಾಳಕ್ಕೆ ನಾನು ಮಾಡುವುದು ಎರಡೇ. ಪೈಪಿನಿಂದ ಜೋರಾಗಿ ನೀರು ಬಿಡುವುದು, ಇರುವೆ ಹತ್ತದಂತೆ ಕಾಂಡಕ್ಕೆ ಬಟ್ಟೆ ಸುತ್ತಿ ಹರಳೆಣ್ಣೆ ಬಳಿಯುವುದು. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗುಲಗಂಜಿ ಹುಳವನ್ನು ಓಡಿಸುತ್ತವೆ. ಮೂಲೆಯ ಒಂದು ಕೊಂಬೆಗೆ ನೀರೂ ಬಿಡುವುದಿಲ್ಲ. ಅಲ್ಲಿ ಸ್ವಲ್ಪ ತಿಗಣೆ ಇರಲಿ ಅಂತ ಬಿಟ್ಟಿದ್ದೇನೆ. ಮೊನ್ನೆ ಅದೇ ಕೊಂಬೆಯಲ್ಲಿ ಬಿಳಿ ಎಳೆಯ ಮರಿಗಳು ಮತ್ತೆ ಓಡಾಡುತ್ತಿದ್ದವು. ಎಣಿಸಿದೆ, ಒಂಬತ್ತು ಇದ್ದವು.